ಮದ್ದು ಬಿಡುವವರ ಕಣ್ಣಿಗೆ ಒಂದು ಡ್ರಮ್ ನೀರು

ಮುಂಗಾರು ಹಿಡಿಯುವ ಮೊದಲು ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಕಲಸುವ ಕೆಲಸ ಶುರುವಾಗುತ್ತದೆ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಎರಡೂ ಕೂಡಿದರೆ ತಿಳಿನೀಲಿ ಬೋರ್ಡೋ ದ್ರಾವಣ. ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಹತ್ತಿಕೊಳ್ಳುತ್ತದೆ. ಅದೇ ತಾಮ್ರ ಎಳೆಗಾಯಿಯನ್ನೂ ಸುಡಬಲ್ಲದು. ಕಾಯಿಗಾಗಿ ಇಷ್ಟು ಎಚ್ಚರ ವಹಿಸುವ ತೋಟದಲ್ಲಿ ಮದ್ದು ಬಿಡುವವರಿಗೆ ಇರುವ ರಕ್ಷಣೆ ತಲೆಗೊಂದು ಮುಟ್ಟಾಳೆ (ಹಾಳೆಯ ಟೋಪಿ), ಮೈಗೆ ತೆಂಗಿನೆಣ್ಣೆ, ಮೂಗಿಗೆ ಸುತ್ತಿದ ಬೈರಾಸು ಎಂಬ ಟವೆಲು. ಇದು ನನ್ನನ್ನು ಬಹಳ ಕಾಡುವ ವಿಷಯ.

ಈ ಮದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು. ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು 1885ರಲ್ಲಿ ಇದರ ಗುಣವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದನ್ನೇ ಶಿಫಾರಸು ಮಾಡಿದರು. 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ಇನ್ನೊಂದು ಸಂಗತಿಯನ್ನು ವರದಿ ಮಾಡಿದರು: ವರ್ಷಗಟ್ಟಲೆ ಈ ದ್ರಾವಣ ಸಿಂಪಡಿಸಿದ ದ್ರಾಕ್ಷಿ ತೋಟದ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ಗಂಟುಗಳಾಗಿದ್ದವು, ಅಲ್ಲಲ್ಲಿ ನೀಲಿ ಕಲೆಗಳಿದ್ದವು. ಮದ್ದಿನ ಅಳತೆ ನಮ್ಮ ತೋಟಗಳಲ್ಲಿ ಎಲ್ಲರಿಗೂ ಬಾಯಿಪಾಠ, ಈ ಸಂಗತಿ ಕೇಳಿದವರು ಕಡಿಮೆ.

ದೊಡ್ಡ ಹನಿಗಳು ಮೂಗು, ಗಂಟಲಿನಲ್ಲೇ ಸಿಕ್ಕಿಬೀಳುತ್ತವೆ. ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು, ಬೈರಾಸಿನ ನೇಯ್ಗೆ ಅವನ್ನು ತಡೆಯದು. ಎನ್-95 ಮುಖಗವಸು ತಡೆಯುತ್ತದೆ, ಆದರೆ ಒದ್ದೆಯಾದರೆ ಉಸಿರಾಡುವುದೇ ಕಷ್ಟ. ಆದ್ದರಿಂದ ದಿನಕ್ಕೆ ಒಂದು ಸಾಲದು, ಮೂರು ನಾಲ್ಕು ಬೇಕು.

ಕಣ್ಣಿನ ಮಾತು ಇನ್ನೂ ತುರ್ತಿನದು. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಅದು ಕುದಿದು ಸಿಡಿಯುತ್ತದೆ. ಆಮ್ಲ ಸಿಡಿದರೆ ಕಣ್ಣಿನ ಹೊರಪದರದ ಪ್ರೋಟೀನು ಗಟ್ಟಿಯಾಗಿ ಒಳಗಿಳಿಯುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಸುಣ್ಣ ಕ್ಷಾರ, ಅದು ಜೀವಕೋಶಗಳ ಕೊಬ್ಬನ್ನೇ ಸಾಬೂನಾಗಿಸಿ ಒಳಕ್ಕೆ ಕೊರೆಯುತ್ತದೆ. ಎಣ್ಣೆ ಬಿಟ್ಟುಕೊಂಡು ಉಜ್ಜಿದರೆ ಹೊತ್ತು ಹಾಳು. ರೆಪ್ಪೆ ಬಿಡಿಸಿ ಕಡಿಮೆಯೆಂದರೂ ಅರ್ಧ ಗಂಟೆ ಶುದ್ಧ ನೀರು ಹರಿಸಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು.

ಮರ ಹತ್ತಿ ಮದ್ದು ಬಿಡುವವರಿಗೆ ಬೀಳುವ ಭಯವೂ ಇದೆ. ಎತ್ತರದ ಲೆಕ್ಕ ಸರಳ. 15 ಮೀಟರ್ ಮೇಲಿನಿಂದ ಜಾರಿದವನು ಎರಡು ಸೆಕೆಂಡೂ ಆಗುವ ಮೊದಲೇ ನೆಲ ಮುಟ್ಟುತ್ತಾನೆ, ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ. ಮರ ಹತ್ತಲು ಕಾಲಿಗೆ ಹಾಕುವ ಬಳೆಯಂಥ ತಳೆಯ ಜೊತೆಗೆ ಮರವನ್ನು ಬಳಸಿ ಕಟ್ಟಿದ ಸುರಕ್ಷಾ ಪಟ್ಟಿಯೊಂದಿದ್ದು, ಅರ್ಧ ಮೀಟರ್ ಜಾರುವಷ್ಟರಲ್ಲಿ ಅದು ಹಿಡಿದರೆ, ಆ ವೇಗ 11 ಕಿಲೋಮೀಟರಿನಷ್ಟೇ. ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದ ಮೇಲೆ ಹಲವರು ಮರ ಹತ್ತುವುದನ್ನೇ ಬಿಟ್ಟಿದ್ದಾರೆ. ಬಹಳ ಒಳ್ಳೆಯದೇ ಆಯಿತು. ಆದರೆ ದೋಟಿ ಹಿಡಿದವರು ಇಡೀ ದಿನ ಕತ್ತು ಎತ್ತಿ ನಿಲ್ಲುತ್ತಾರೆ, ಗೊನೆಯಿಂದ ತೊಟ್ಟಿಕ್ಕುವ ಮದ್ದು ನೇರವಾಗಿ ಮುಖಕ್ಕೆ ಬೀಳುತ್ತದೆ. ಕನ್ನಡಕ ಕೊಟ್ಟರೆ ಬೆವರಿಗೆ ಮಂಜು ಕಟ್ಟಿ ಅವರು ಅದನ್ನು ತೆಗೆದಿಡುತ್ತಾರೆ. ಗಾಳಿಯಾಡುವ, ಇಡೀ ಮುಖ ಮುಚ್ಚುವ ಪಾರದರ್ಶಕ ಪರದೆಯೇ ಸರಿ.

2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಮುಖ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಇಂದು ಈ ತೋಟ, ನಾಳೆ ಆ ತೋಟ ಎಂದು ಓಡಾಡುವ ಇಬ್ಬರ ಜೋಡಿಯನ್ನು ಯಾವ ತನಿಖಾಧಿಕಾರಿ ಹುಡುಕಿಕೊಂಡು ಬರುತ್ತಾನೆ? ಮೈಲುತುತ್ತಿನ ಖರ್ಚಿನ ಜೊತೆಗೆ ಮುಖಗವಸು, ಪರದೆ, ಪಟ್ಟಿಯ ಖರ್ಚನ್ನೂ ತೋಟದವರೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ಈ ಸಲ ನಾನು ಮದ್ದು ಕಲಸುವಲ್ಲಿ ಒಂದು ಡ್ರಮ್ ಶುದ್ಧ ನೀರು, ಚೊಂಬು, ಸಾಬೂನು ಇರಿಸಿದ್ದೆ. ಸ್ವಲ್ಪ ಹೊತ್ತಿನಲ್ಲಿ ಹೋಗಿ ನೋಡಿದರೆ ಮದ್ದು ಬಿಡುವ ಇಬ್ಬರು ಅದಕ್ಕೂ ಸುಣ್ಣ ಸುರಿಯಲು ಚೀಲ ಬಿಚ್ಚುತ್ತಿದ್ದರು. ಅದು ನಿಮ್ಮ ಕಣ್ಣಿಗೆ ಇಟ್ಟ ನೀರು ಎಂದೆ. ಇಬ್ಬರೂ ಚೀಲ ಕೆಳಗಿಟ್ಟು ಡ್ರಮ್ಮಿನತ್ತ ನೋಡುತ್ತ ನಿಂತರು.