ಅತಿಜನಸಂಖ್ಯೆ: ಜನ ಜಾಸ್ತಿ ಅಂದರೆ ಎಷ್ಟು?

ನಮ್ಮ ಮಲೆನಾಡಲ್ಲಿ ‘ಜನ’ ಅನ್ನೋ ಮಾತಿಗೆ ಎರಡು ಅರ್ಥ. ಒಂದು ಎಲ್ಲರಿಗೂ ಗೊತ್ತಿರುವುದು. ಇನ್ನೊಂದು ಕಾಫಿ ತೋಟದ್ದು. ಬೆಳಿಗ್ಗೆ ಯಾರಾದರೂ ತೋಟದ ಲೆಕ್ಕ ಬರೆಯುವ ರೈಟರನ್ನು ‘ಇವತ್ತು ಜನ ಎಷ್ಟು?’ ಎಂದು ಕೇಳಿದರೆ, ಕೆಲಸಕ್ಕೆ ಬಂದ ಆಳುಗಳ ಲೆಕ್ಕ ಕೇಳುತ್ತಿದ್ದಾರೆ ಅಂತ. ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪ ಶನಿವಾರ ಚಿಕ್ಕಮಗಳೂರಿಗೆ ಬಂದರೆ ಕಾರುಗಳ ಸಾಲು ನೋಡಿ ‘ಥೂ, ಜನ ಜಾಸ್ತಿ ಆಗೋಯ್ತು ಕಣೋ’ ಅನ್ನುತ್ತಾರೆ. ಸೋಮವಾರ ಫೋನ್ ಮಾಡಿದರೆ ‘ಹಣ್ಣು ಉದುರ್ತಾ ಇದೆ, ಜನಾನೇ ಸಿಗ್ತಿಲ್ಲ’ ಅಂತ ಗೋಳು. ಎರಡೂ ನಿಜ. ‘ಅತಿಜನಸಂಖ್ಯೆ’ ಎಂಬ ಪದದ ತೊಡಕೆಲ್ಲ ಇಲ್ಲೇ ಇದೆ.

ಜನಸಂಖ್ಯೆ ಅಂದರೆ ಬರೀ ಎಣಿಕೆ. ಆ ಎಣಿಕೆಯನ್ನು ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಜನಸಾಂದ್ರತೆ. ಅತಿಜನಸಂಖ್ಯೆ ಈ ಎರಡೂ ಅಲ್ಲ, ಅದೊಂದು ಹೋಲಿಕೆ. ಒಂದು ಜಾಗದ ನೀರು, ನೆಲ, ಕಾಡು, ದವಸ ತಾಳಿಕೊಳ್ಳುವುದಕ್ಕಿಂತ ಹೆಚ್ಚು ಜನ ಅಲ್ಲಿದ್ದಾರೆ ಎಂಬ ತೀರ್ಮಾನ. ‘ಅತಿ’ ಅನ್ನಬೇಕಾದರೆ ಒಂದು ಮಿತಿ ಗೊತ್ತಿರಬೇಕು, ಅಲ್ವಾ? ಆ ಮಿತಿಗೆ ‘ಧಾರಣಾ ಸಾಮರ್ಥ್ಯ’ ಎಂಬ ದೊಡ್ಡ ಹೆಸರಿದೆ. ದನ ಕಾಯ್ದವರಿಗೆ ಇದು ಹೊಸದೇನಲ್ಲ. ಗೋಮಾಳದಲ್ಲಿ ಇಪ್ಪತ್ತು ದನ ಮೇಯುವ ಕಡೆ ಮೂವತ್ತು ಬಿಟ್ಟರೆ ಹುಲ್ಲು ಬೇರುಸಮೇತ ಹೋಗುತ್ತದೆ. ಮುಂದಿನ ವರ್ಷ ಹತ್ತಕ್ಕೂ ಮೇವಿರುವುದಿಲ್ಲ. ಆದರೆ ದನಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಷ್ಟು ತಿನ್ನುತ್ತವೆ. ಮನುಷ್ಯರು ಹಾಗಲ್ಲ.

‘ಜನಸಂಖ್ಯಾ ಸ್ಫೋಟ’ ಬೇರೆ ಪದ. ಅದು ವೇಗದ ಮಾತು. 1800ರ ಸುಮಾರಿಗೆ ಇಡೀ ಪ್ರಪಂಚದಲ್ಲಿ ಇದ್ದದ್ದು ಸುಮಾರು 100 ಕೋಟಿ ಜನ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರ ನವೆಂಬರ್ 15ಕ್ಕೆ 800 ಕೋಟಿ ಮುಟ್ಟಿತು. ಸ್ಫೋಟ ಅಂದ ಕೂಡಲೇ ಜನ ಇದ್ದಕ್ಕಿದ್ದಂತೆ ಹೆಚ್ಚು ಹೆರತೊಡಗಿದರು ಅನ್ನಿಸುತ್ತದೆ. ಹಾಗೇನಿಲ್ಲ. ನಮ್ಮಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಲಸಿಕೆ, ಶುದ್ಧ ನೀರು, ಔಷಧಿ ಬಂದ ಮೇಲೆ ಹುಟ್ಟಿದ ಮಕ್ಕಳು ಬದುಕತೊಡಗಿದವು. ಹೆರಿಗೆ ಕಡಿಮೆಯಾಗುವುದಕ್ಕೆ ಮುಂಚೆ ಸಾವು ಕಡಿಮೆಯಾಯಿತು. ನಡುವಿನ ಆ ಅಂತರಕ್ಕೆ ಸ್ಫೋಟ ಎಂದು ಹೆಸರಾಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. 2001ರ ಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. ಹತ್ತು ವರ್ಷದ ನಂತರ 11,37,961. ಹೌದು, ಕಡಿಮೆ! ಆ ದಶಕದಲ್ಲಿ ರಾಜ್ಯದಲ್ಲೇ ಜನ ಕಡಿಮೆಯಾದ ಜಿಲ್ಲೆ ಇದೊಂದೇ. ಪಕ್ಕದ ಹಾಸನದಲ್ಲೂ ಏರಿದ್ದು ಬರೀ ಶೇ 3ರಷ್ಟು. ಅದೇ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ಇಲ್ಲಿ ಚದರ ಕಿಲೋಮೀಟರಿಗೆ 158 ಜನ, ಅಲ್ಲಿ 4 ಸಾವಿರಕ್ಕೂ ಮೇಲೆ. ನಮ್ಮ ಹುಡುಗರು ಎಲ್ಲಿಗೆ ಹೋದರು ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಇಲ್ಲಿ ಒತ್ತಡವೇ ಇಲ್ವಾ? ಇದೆ. ಅದು ತಲೆ ಲೆಕ್ಕದಲ್ಲಿ ಕಾಣುವುದಿಲ್ಲ, ಬಳಕೆಯ ಲೆಕ್ಕದಲ್ಲಿ ಕಾಣುತ್ತದೆ. ಸರ್ಕಾರದ ನೀರಿನ ಅಳತೆಯನ್ನೇ ನೋಡಿ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯವರಿಗೆ ತಲೆಗೆ ದಿನಕ್ಕೆ 55 ಲೀಟರ್. ಒಳಚರಂಡಿ ಇರುವ ನಗರಕ್ಕೆ ಯೋಜನೆ ಹಾಕುವಾಗ ಹಿಡಿಯುವ ಲೆಕ್ಕ 135 ಲೀಟರ್. ಅಂದರೆ ಕಾಗದದ ಮೇಲೆಯೇ ಒಬ್ಬ ನಗರವಾಸಿ ಎರಡೂವರೆ ಹಳ್ಳಿಯವರಿಗೆ ಸಮ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಹಾಸನದ ಎಷ್ಟೋ ಹಳ್ಳಿ ಮುಳುಗಿದವು. ಶೆಟ್ಟಿಹಳ್ಳಿಯ ಪಾಳು ಚರ್ಚು ಈಗಲೂ ಮಳೆಗಾಲದಲ್ಲಿ ನೀರಲ್ಲಿ ನಿಂತಿರುತ್ತದೆ. ಅಲ್ಲಿಂದ ಒಂದಷ್ಟು ನೀರು ಕಾಲುವೆ ಹಿಡಿದು ತುಮಕೂರಿಗೆ ಹೋಗುತ್ತದೆ, ಉಳಿದದ್ದು ಕಾವೇರಿ ಸೇರುತ್ತದೆ. ಬೆಂಗಳೂರಿನವರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿಸಿಕೊಳ್ಳುವ ಕಾವೇರಿ ನೀರಿನಲ್ಲಿ ನಮ್ಮ ಮಳೆಯೂ ಇದೆ. ಅದನ್ನು ಕುಡಿದವರೇ ವೀಕೆಂಡಿಗೆ ಇಲ್ಲಿಗೆ ಬಂದು ‘ಎಷ್ಟು ಖಾಲಿ ಖಾಲಿ ಊರು’ ಅನ್ನುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ಧಾರಣಾ ಸಾಮರ್ಥ್ಯವನ್ನು ಕಣ್ಣಾರೆ ನೋಡಬೇಕಾದರೆ ಕೈಮರದ ಚೆಕ್‌ಪೋಸ್ಟಿಗೆ ಬನ್ನಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗುವ ದಾರಿ ಅದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಎದುರಿಗೆ ಒಂದು ಟೆಂಪೊ ಟ್ರಾವೆಲರ್ ಬಂದರೆ ಹಿಂದಿನ ಹತ್ತು ಕಾರು ರಿವರ್ಸ್ ಹೋಗಬೇಕು. ಕ್ಲಚ್ಚು ಸುಟ್ಟ ವಾಸನೆ ಮಂಜಿನ ಜೊತೆ ಬೆರೆತಿರುತ್ತದೆ. ಕೊನೆಗೆ ಜಿಲ್ಲಾಡಳಿತ ದಿನಕ್ಕೆ ಇಷ್ಟೇ ವಾಹನ ಎಂದು ಮಿತಿ ಹಾಕಿ, ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿಸುವ ಕ್ರಮ ತಂದಿತು. ಈ ಬೆಟ್ಟ ಇಷ್ಟನ್ನೇ ತಾಳುತ್ತದೆ ಎಂದು ಲೆಕ್ಕ ಹಾಕಿ ಹೇಳಿದ ಹಾಗಾಯಿತು. ಬೆಟ್ಟಕ್ಕೆ ಹೀಗೆ ಗೇಟು ಹಾಕಬಹುದು. ಭೂಮಿಗೆ?

ಭೂಮಿಯ ಮಿತಿ ಹೇಳಲು ಹೋಗಿ ಹೆಸರಾದವನು ಇಂಗ್ಲೆಂಡಿನ ಥಾಮಸ್ ಮಾಲ್ಥಸ್. ಜನ 2, 4, 8, 16 ಎಂದು ಏರಿದರೆ ಬೆಳೆ 1, 2, 3, 4 ಎಂದಷ್ಟೇ ಏರುತ್ತದೆ, ಕೊನೆಗೆ ಹಸಿವು, ರೋಗಗಳೇ ಲೆಕ್ಕ ಸರಿ ಮಾಡುತ್ತವೆ ಎಂದು 1798ರಲ್ಲಿ ಬರೆದ. ಆಗ ರಾಸಾಯನಿಕ ಗೊಬ್ಬರ ಇರಲಿಲ್ಲ, ಹೈಬ್ರಿಡ್ ಬೀಜ ಇರಲಿಲ್ಲ. ಅವು ಬಂದವು, ಅವನ ಲೆಕ್ಕ ತಪ್ಪಿತು. ಆದರೆ ಅವನ ತರ್ಕ ಸಾಯಲಿಲ್ಲ. ಅದು ಎಲ್ಲಿ ಎಡವುತ್ತದೆ ಎಂದು ಹಾಸನದ ಆಲೂಗೆಡ್ಡೆ ಬೆಳೆಗಾರರಿಗೆ ಹೇಳುವುದು ಸುಲಭ. ಮೋಡ ಮುಚ್ಚಿ ಜಡಿಮಳೆ ಹಿಡಿದರೆ ಎಲೆಯ ಮೇಲೆ ನೀರು ಕುಡಿದಂಥ ಕಪ್ಪು ಚುಕ್ಕೆ ಬೀಳುತ್ತದೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಬೂದಿ ಎರಚಿದ ಹಾಗೆ ಬಿಳಿ ಬೂಷ್ಟು. ಕೆಲವೇ ದಿನದಲ್ಲಿ ಹೊಲ ಸುಟ್ಟ ಹಾಗಾಗಿ ಕೊಳೆತ ವಾಸನೆ. ಇದು ಅಂಗಮಾರಿ. ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಿತ್ತು. 80 ಲಕ್ಷಕ್ಕೂ ಹೆಚ್ಚು ಜನರಿದ್ದ ದ್ವೀಪದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಐರಿಷರು ಮಕ್ಕಳನ್ನು ಜಾಸ್ತಿ ಹೆತ್ತರು, ಅದಕ್ಕೇ ಹೀಗಾಯಿತು ಎಂದವರು ಇಂಗ್ಲೆಂಡಿನಲ್ಲಿ ಬಹಳ ಇದ್ದರು. ಆದರೆ ಬರಗಾಲದ ಆ ವರ್ಷಗಳಲ್ಲೂ ಐರ್ಲೆಂಡಿನಿಂದ ಕಾಳು ಹಡಗು ಹತ್ತಿ ಹೊರಗೆ ಹೋಗುತ್ತಲೇ ಇತ್ತು. ಒಳ್ಳೆ ನೆಲ ಜಮೀನ್ದಾರರ ಕೈಲಿತ್ತು. ಬಡವರಿಗೆ ಉಳಿದ ತುಂಡು ಭೂಮಿಯಲ್ಲಿ ಹೊಟ್ಟೆ ತುಂಬಿಸುವ ಬೆಳೆ ಆಲೂಗೆಡ್ಡೆ ಒಂದೇ. ಅನ್ನ ಇತ್ತು, ತಟ್ಟೆಗೆ ಬರಲಿಲ್ಲ. ಹಾಗಾಗಿ ಯಾರಾದರೂ ‘ಜನ ಜಾಸ್ತಿ’ ಅಂದಾಗ ಯಾರ ಜನ, ಯಾರ ನೆಲ ಎಂದು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಈ ಪದ ಸರ್ಕಾರದ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿ ಎರಡು ಕತೆ ಇದೆ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಬೇಕಾದವರು ಹೋಗಬಹುದಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಹಾಗಿರಲಿಲ್ಲ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು, ಎಷ್ಟೋ ಕಡೆ ಬಲವಂತವಾಗಿ. 1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋಲಲು ಉತ್ತರದಲ್ಲಿ ಆ ಸಿಟ್ಟೂ ಒಂದು ಕಾರಣ. ಮರುವರ್ಷ ಅವರು ಗೆದ್ದು ಲೋಕಸಭೆಗೆ ಮರಳಿದ್ದು ಎಲ್ಲಿಂದ ಅಂತ ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ.

ಈಗಿನ ಸ್ಥಿತಿ ತಿರುವುಮುರುವು. ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಾದರೆ ಜನಸಂಖ್ಯೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸರಾಸರಿ 1.7. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಅಂತ ಗೋಡೆ ಮೇಲೆ ಬರೆದಿದ್ದರಲ್ಲ, ಅಷ್ಟೂ ಇಲ್ಲ ಈಗ. ದೇಶದ ಒಟ್ಟು ಸಂಖ್ಯೆ ಇನ್ನೂ ಏರುತ್ತಲೇ ಇದೆ, ಯಾಕೆಂದರೆ ಈಗ ಮಕ್ಕಳನ್ನು ಹೆರುವ ವಯಸ್ಸಿನವರೇ ಬಹಳ ಇದ್ದಾರೆ. ಬ್ರೇಕ್ ಹಾಕಿದ ಮೇಲೂ ಲಾರಿ ಸ್ವಲ್ಪ ದೂರ ಹೋಗುತ್ತದಲ್ಲ, ಹಾಗೆ.

ನಾನು ಓದಿದ ಊರಿನ ಶಾಲೆಯಲ್ಲಿ ಕಳೆದ ವರ್ಷ ಇದ್ದದ್ದು ಏಳು ಮಕ್ಕಳು. ಕುಯ್ಲಿನ ಹೊತ್ತಿಗೆ ದೊಡ್ಡಪ್ಪನ ತೋಟದ ಆಳುಗಳ ಲೈನ್ ಮನೆಗೆ ಅಸ್ಸಾಮಿನಿಂದ ಮೂರು ಕುಟುಂಬ ಬಂದವು, ಜೊತೆಗೆ ನಾಲ್ಕು ಮಕ್ಕಳು. ಶಾಲೆಯ ಹಾಜರಿ ಹನ್ನೊಂದಾಯಿತು. ಮೇಷ್ಟ್ರು ಅವಕ್ಕೆ ಅ ಆ ಇ ಈ ತಿದ್ದಿಸುತ್ತಿದ್ದರಂತೆ. ಸೋಮವಾರ ಫೋನ್ ಮಾಡಿದಾಗ ದೊಡ್ಡಪ್ಪ ಅಂದರು: ‘ಈ ಸಲ ಜನ ಪರವಾಗಿಲ್ಲ ಕಣೋ.’