ಸೆಕೆಂಡಿನ ದಶಾಂಶ ಡೇಟಾಬೇಸಿನಲ್ಲಿ ಕಳೆದುಹೋಗುವುದೇಕೆ?

ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ: ಕಾಳಿ ನದಿ ಕಾರವಾರದ ಕಡಲು ಸೇರುವ ಮೊದಲು ನಾಲ್ಕು ಕಡೆ ವಿದ್ಯುತ್ ಕೊಡುತ್ತದೆ. ಮೇ ತಿಂಗಳ ಸಿಡಿಲು ಇಂಥ ಜಾಲದ ತಂತಿಗೆ ಬಡಿದರೆ ದೋಷ ಗುರುತಿಸುವ ರಿಲೇ ಎಚ್ಚೆತ್ತು, ವಿದ್ಯುತ್ ಕಡಿಯುವ ಬ್ರೇಕರ್ ಟ್ರಿಪ್ ಆಗುವುದು ಸೆಕೆಂಡಿನ ಸಣ್ಣ ಪಾಲಿನಲ್ಲಿ. 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತವೆಂದರೆ 20 ಮಿಲಿಸೆಕೆಂಡ್. ಮೊದಲು ಬಿದ್ದದ್ದು ಯಾವ ಬ್ರೇಕರ್ ಎಂದು ತಿಳಿಯಲೆಂದೇ ಮಿಲಿಸೆಕೆಂಡಿನ ಲೆಕ್ಕದಲ್ಲಿ ಘಟನೆ ಬರೆದಿಡುವ ಯಂತ್ರಗಳಿವೆ. ಆ ದಾಖಲೆ ಸೆಕೆಂಡನ್ನಷ್ಟೇ ಹಿಡಿಯುವ ಡೇಟಾಬೇಸಿಗೆ ಇಳಿದರೆ ಹಿಂದುಮುಂದು ಅಳಿಸಿಹೋಗುತ್ತದೆ.

ಸೆಕೆಂಡಿಗೇ ನಿಲ್ಲುವ ರೂಢಿ ಹಳೆಯದು. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಸಮಯವನ್ನು 1970ರ ಆರಂಭದಿಂದ ಕಳೆದ ಸೆಕೆಂಡುಗಳಾಗಿ ಎಣಿಸಿತು. ಒರಾಕಲ್ ಡೇಟಾಬೇಸಿನಲ್ಲಿ ದಿನ, ಸಮಯ ಇಡುವ ಡೇಟ್ ಮಾದರಿಯೂ ಸೆಕೆಂಡಿಗೇ ನಿಂತಿತು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಸೆಕೆಂಡನ್ನು 300 ಪಾಲು ಮಾಡಿತು, 2008ರ ಆವೃತ್ತಿಯಲ್ಲಿ 100 ನ್ಯಾನೋಸೆಕೆಂಡಿನ ಹೊಸ ಮಾದರಿ ತಂದಿತು.

ಶಿರಸಿಯ ಮನೆಯಲ್ಲಿ ಕುಳಿತು ಕೆಲಸ ಮಾಡುವ ನಾನು ಹೆಚ್ಚು ತಡಕಾಡಿದ್ದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ. ಅದರ 5.6.4ಕ್ಕಿಂತ ಹಿಂದಿನ ಆವೃತ್ತಿಗಳು ಟೇಬಲ್ಲಿನ ಕಾಲಮ್ಮಿನಲ್ಲಿ ಸೆಕೆಂಡಿನ ದಶಾಂಶವನ್ನು ಉಳಿಸುತ್ತಲೇ ಇರಲಿಲ್ಲ. 2013ರಲ್ಲಿ 5.6 ಬಳಕೆಗೆ ಬಂದಾಗ ಆರು ಅಂಕಿಗಳವರೆಗೆ ಅವಕಾಶ ಸಿಕ್ಕಿತು. ಆದರೆ ಕಾಲಮ್ಮಿಗೆ ಎಷ್ಟು ಅಂಕಿ ಎಂದು ಹೇಳದಿದ್ದರೆ ಸಿಗುವುದು ಸೊನ್ನೆ ಅಂಕಿ, ಅಂದರೆ ದಶಾಂಶವೇ ಇಲ್ಲ. ಡೇಟಾಬೇಸುಗಳ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನದಂಡ ಹೇಳುವುದು ಆರು. ಹಳೆಯ ತಂತ್ರಾಂಶಗಳು ಮುರಿಯಬಾರದೆಂಬ ಕಾಳಜಿ ಇದರ ಹಿಂದಿತ್ತು, ಅದು ಅರ್ಥವಾಗುವ ಕಾಳಜಿಯೇ. ಪರಿಣಾಮ ಮಾತ್ರ ಕೆಟ್ಟದ್ದು: ಅಂಕಿಗಳು ಸದ್ದಿಲ್ಲದೆ ಹೋಗುತ್ತವೆ, ಒಂದು ಎಚ್ಚರಿಕೆಯೂ ಬರುವುದಿಲ್ಲ.

ಹೋಗುವ ರೀತಿಯೂ ಸರಳವಲ್ಲ. ಮೈಎಸ್‌ಕ್ಯೂಎಲ್ ದಶಾಂಶವನ್ನು ಕತ್ತರಿಸುವುದಿಲ್ಲ, ಸಮಯವನ್ನು ಹತ್ತಿರದ ಸೆಕೆಂಡಿಗೆ ಸರಿಸುತ್ತದೆ. 10:15:06.6 ಮತ್ತು 10:15:07.4 ಎರಡೂ 10:15:07 ಆಗುತ್ತವೆ, 07.4 ಮತ್ತು 07.6ರ ನಡುವೆ ಪೂರ್ತಿ ಒಂದು ಸೆಕೆಂಡಿನ ಅಂತರ ಹುಟ್ಟುತ್ತದೆ. ರಾತ್ರಿ 23:59:59.7ರ ಘಟನೆ ಮರುದಿನದ ಲೆಕ್ಕಕ್ಕೆ ಸೇರುತ್ತದೆ. ಕೊಟ್ಟದ್ದನ್ನು ಇಟ್ಟುಕೊಳ್ಳಲಾಗದ ಡೇಟಾಬೇಸ್ ಬಾಯಿಬಿಟ್ಟು ಹೇಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿಗೆ ಬೇರೆ ತೊಡಕಿತ್ತು. ಅದು ಹಿಂದೆ ಸಮಯವನ್ನು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಾಗಿ, ಅಂದರೆ ಕೊನೆಯ ಅಂಕಿಗಳು ಅಂದಾಜಾಗಿಬಿಡುವ ರೂಪದಲ್ಲಿ, ಇಡುತ್ತಿತ್ತು, 2009ರ 8.4ರಿಂದ ಮೈಕ್ರೋಸೆಕೆಂಡಿನ ಪೂರ್ಣಾಂಕ ರೂಢಿಯಾಯಿತು.

ಈಗ ಕಾಲಮ್ಮಿಗೆ ಡೇಟ್‌ಟೈಮ್(6), ಅಂದರೆ ಆರು ಅಂಕಿ, ಎಂದು ಬರೆದರೆ ಮೈಎಸ್‌ಕ್ಯೂಎಲ್‌ನ ಹೊಸ ದಾಖಲೆಗಳು ಸುರಕ್ಷಿತ. ಗಡಿಯಾರಗಳೇ ಹೊಂದಿಕೆಯಾಗಿಲ್ಲದಿದ್ದರೆ ಆರು ಅಂಕಿ ಇದ್ದೂ ಪ್ರಯೋಜನವಿಲ್ಲ, ಅದು ಬೇರೆ ಮಾತು. ಹೀಗೆ ಕಾಲಮ್ ಬದಲಾಯಿಸಿದಾಗ ಹಳೆಯ ಸಾಲುಗಳಲ್ಲಿ ಆರು ಸೊನ್ನೆಗಳು ಬಂದು ಕೂರುತ್ತವೆ. ಅವು ನಿಜವಾದ ಸೊನ್ನೆಗಳೋ, ಕಳೆದುಹೋದ ಅಂಕಿಗಳ ಜಾಗವೋ ಎಂದು ಸಾಲನ್ನು ನೋಡಿ ಹೇಳಲಾಗದು. ಅದಕ್ಕೇ ಕಾಲಮ್ ಬದಲಾಯಿಸಿದ ದಿನಾಂಕವನ್ನು ಟೇಬಲ್ಲಿನ ವಿವರಣೆಯಲ್ಲಿ ನಾನು ಬರೆದಿಡುತ್ತೇನೆ.