‘ಮಲ್ಪೆ’ ಯಾಕೆ ‘ಮಲೆಪ’ ಆಗುತ್ತದೆ: ಓದಿನ ಕಾನೂನು ಕೇಳುವವರಿಗೆ ಒಂದು ಟಿಪ್ಪಣಿ

ಸರ್ಕಾರಿ ಶಾಲೆಯ ಕೆಳ ತರಗತಿಗಳಲ್ಲಿ ಓದು ಕಲಿಸುವ ಕ್ರಮಕ್ಕೆ ಸಂಶೋಧನೆಯ ಆಧಾರ ಇರಬೇಕು, ಅದು ಅಧಿಕಾರಿ ಬದಲಾದಾಗ ಬದಲಾಗುವ ಸುತ್ತೋಲೆಯಾಗಿರದೆ ಕಾನೂನೇ ಆಗಬೇಕು. ಹೀಗೆ ಮನವಿ ಬರೆಯಲು ಕೂತ ಮಂಗಳೂರು, ಉಡುಪಿ ಕಡೆಯ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ) ವಿದ್ಯಾರ್ಥಿಗಳಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಈ ಟಿಪ್ಪಣಿ. ಸಾಮಾನ್ಯವಾಗಿ ಆಗುವುದೇನೆಂದರೆ ಅಮೆರಿಕದ ಕಾನೂನೊಂದನ್ನು ಎದುರಿಗಿಟ್ಟುಕೊಂಡು ಕನ್ನಡಕ್ಕೆ ಇಳಿಸುತ್ತೇವೆ. ಅದು ಎರಡು ಕಡೆ ಸಿಕ್ಕಿಕೊಳ್ಳುತ್ತದೆ: ನಮ್ಮ ಲಿಪಿಯಲ್ಲಿ ಒಮ್ಮೆ (‘ಮಲ್ಪೆ’ಯನ್ನು ಮಗು ‘ಮಲೆಪ’ ಎಂದು ಓದುವುದು ಇಲ್ಲಿಯದೇ ತೊಡಕು), ನಮ್ಮ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇನ್ನೊಮ್ಮೆ.

ಅಲ್ಲಿ ಮಾಡಿದ್ದೇನು

ಎಲ್ಲರೂ ಬೊಟ್ಟು ಮಾಡುವುದು ಮಿಸಿಸಿಪ್ಪಿ ರಾಜ್ಯದ 2013ರ ಕಾಯ್ದೆಯತ್ತ. ಶಿಕ್ಷಕರಿಗೆ ಓದಿನ ವಿಜ್ಞಾನದಲ್ಲಿ (ಮಕ್ಕಳು ಓದು ಕಲಿಯುವುದು ಹೇಗೆಂಬ ಸಂಶೋಧನೆ) ತರಬೇತಿ, ಹಿಂದುಳಿದ ಶಾಲೆಗಳಿಗೆ ತರಗತಿಯೊಳಗೇ ಕೂತು ನೆರವಾಗುವ ಮಾರ್ಗದರ್ಶಕರು, ವರ್ಷಕ್ಕೆ ಮೂರು ಸಲ ಪ್ರತಿ ಮಗುವಿನ ಓದಿನ ತಪಾಸಣೆ, ಹಿಂದೆ ಬಿದ್ದರೆ ಪೋಷಕರಿಗೆ ತಿಳಿಸುವುದು, ಮೂರನೇ ತರಗತಿಯ ಕೊನೆಗೂ ಓದು ಬಾರದಿದ್ದರೆ ಅಲ್ಲೇ ಉಳಿಸಿಕೊಳ್ಳುವುದು. 2019ರ ಹೊತ್ತಿಗೆ ಆ ರಾಜ್ಯದ ನಾಲ್ಕನೇ ತರಗತಿಯ ಮಕ್ಕಳು ಓದಿನಲ್ಲಿ ದೇಶದ ಸರಾಸರಿಯನ್ನು ಮುಟ್ಟಿದರು. ಪತ್ರಿಕೆಗಳಿಗೆ ಕೊನೆಯ ಅಂಶದ ಮೇಲೆಯೇ ಕಣ್ಣು. ಆದರೆ ಅಲ್ಲಿ ಐದೂ ಒಟ್ಟಿಗೆ ಇದ್ದವು, ಅದರಲ್ಲೂ ಹಣ ಖರ್ಚಾಗುವ ಮೊದಲಿನ ಎರಡನ್ನು ಮರೆಯಬಾರದು. ಮಾರ್ಗದರ್ಶಕರಿಲ್ಲದ ಓದಿನ ಕಾನೂನು ಬರೀ ಪರೀಕ್ಷೆಯ ಕಾನೂನು.

ಕೂಡಿಸುವುದಲ್ಲ, ಗುಣಿಸುವುದು

ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಕೊಟ್ಟ ಸೂತ್ರ: ಓದಿನ ಗ್ರಹಿಕೆ = ಅಕ್ಷರ ಬಿಡಿಸುವ ಶಕ್ತಿ × ಭಾಷೆ ಅರ್ಥವಾಗುವ ಶಕ್ತಿ. ಎರಡನ್ನೂ 0ರಿಂದ 1ರ ಅಳತೆಯಲ್ಲಿ ನೋಡಿ. ಅಕ್ಷರ 0.9 ಇದ್ದು ಭಾಷೆ 0.3 ಆದರೆ ಸಿಗುವುದು 0.27 ಮಾತ್ರ. ಕರಾವಳಿಯಲ್ಲಿ ಈ ಎರಡನೇ ಅಂಕಿಯನ್ನು ಮರೆಯುವ ಹಾಗಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಪುಸ್ತಕದಲ್ಲಿ ಗ್ರಾಂಥಿಕಕ್ಕೆ ಹತ್ತಿರದ ಕನ್ನಡ. ಬೆಕ್ಕಿನ ಚಿತ್ರ ನೋಡಿ ಮಗು ‘ಪುಚ್ಚೆ’ ಎಂದರೆ ತಪ್ಪು ಹಾಕುವ ತಪಾಸಣೆ ಮಗುವಿನ ಭಾಷೆಯನ್ನು ಅಳೆಯುತ್ತಿಲ್ಲ. ಹಾಗಾಗಿ ಮನವಿಯಲ್ಲಿ ಒಂದು ಸಾಲು ಬೇಕೇ ಬೇಕು: ಮಾತಿನ ಭಾಗದ ತಪಾಸಣೆ ಮನೆಮಾತಿನಲ್ಲೂ ನಡೆಯಲಿ, ಅಕ್ಷರದ ಭಾಗ ಕನ್ನಡದಲ್ಲಿ ನಡೆಯಲಿ, ಎರಡರ ಅಂಕ ಬೇರೆ ಬೇರೆ ಇರಲಿ.

ಅಕ್ಷರ: ಇಲ್ಲಿ ನಿಧಾನವಾಗಿ ಓದಿ

ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ 2000ದ ವರದಿ ಐದು ಅಂಗಗಳನ್ನು ಹೇಳಿತು: ಧ್ವನಿಯ ಅರಿವು, ಧ್ವನಿ–ಅಕ್ಷರ ಸಂಬಂಧ, ಸರಾಗ ಓದು, ಪದಸಂಪತ್ತು, ಗ್ರಹಿಕೆ. ಐದೂ ನಮಗೂ ಬೇಕು. ಆದರೆ ಎರಡನೆಯದು ಇಂಗ್ಲಿಷಿನಲ್ಲಿ 26 ಅಕ್ಷರದ ಲೆಕ್ಕ. ನಮ್ಮಲ್ಲಿ ವರ್ಣಮಾಲೆ 49, ವ್ಯಂಜನ 34. ಒಂದು ವ್ಯಂಜನಕ್ಕೆ ಅಂ, ಅಃ ಸೇರಿ ಕಾಗುಣಿತದ ರೂಪ 15. 34 × 15 = 510. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕನ್ನಡ ಕಲಿಯುವ ಮಕ್ಕಳ ಮೇಲೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದೇ: ಅಕ್ಷರ ಕಲಿಕೆ ಇಂಗ್ಲಿಷಿಗಿಂತ ನಿಧಾನ, ಮೊದಲ ಕೆಲವು ವರ್ಷಗಳುದ್ದಕ್ಕೂ ಸಾಗುತ್ತದೆ, ಬಿಡಿ ಧ್ವನಿಯ ಅರಿವೂ ತಡವಾಗಿಯೇ ಬರುತ್ತದೆ. ‘ಎರಡನೇ ತರಗತಿಗೆ ಅಕ್ಷರ ಮುಗಿಯಬೇಕು’ ಎಂದು ಕಾನೂನಿನಲ್ಲಿ ಬರೆದರೆ ಸರಿಯಾಗಿಯೇ ಕಲಿಯುತ್ತಿರುವ ಮಗುವಿಗೂ ಹಿಂದುಳಿದವನೆಂಬ ಹಣೆಪಟ್ಟಿ.

ಮೂಲಾಕ್ಷರದ ಹಂತ ಕಷ್ಟವಿಲ್ಲ. ಸರ್ಕಾರಿ ಶಾಲೆಯ ಕೆಳ ತರಗತಿಗಳ ಚಟುವಟಿಕೆ ಕ್ರಮವಾದ ನಲಿ-ಕಲಿಯ ‘ರ ಗ ಸ ದ ಅ’ ಗುಂಪು ಮುಗಿಯುವಷ್ಟರಲ್ಲಿ ಅರಸ, ಅಗಸ, ಸರ, ದರ, ಗರಗಸ ಓದಬಹುದು.

ಕಾಗುಣಿತದಲ್ಲಿ ತೊಡಕು ಶುರು. ಸಾಲಾಗಿ ರಾಗ ಎಳೆದು ಹೇಳಿಸಿದ ಮಗುವಿಗೆ ‘ಸೂ’ ಒಂದನ್ನೇ ತೋರಿಸಿ ನೋಡಿ. ತುಟಿಯೊಳಗೇ ‘ಸ ಸಾ ಸಿ ಸೀ ಸು’ ಎಂದು ಮೊದಲಿನಿಂದ ಹೊರಟು ಅಲ್ಲಿಗೆ ಬರುತ್ತದೆ. ಅದಕ್ಕೆ ಗೊತ್ತಿರುವುದು ಸಾಲು, ಚಿಹ್ನೆಯಲ್ಲ. ಮದ್ದು: ಅಡ್ಡಸಾಲು ಬಿಟ್ಟು ಕಂಬಸಾಲು ಹಿಡಿಯುವುದು. ಸಿ, ನಿ, ಮಿ, ಲಿ, ರಿ ಹೀಗೆ ಒಂದೇ ಗುಡಿಸು ಬೇರೆ ಬೇರೆ ವ್ಯಂಜನದ ಮೇಲೆ. ಉಸಿರು ಎಳೆಯಬಹುದಾದ ಸ, ಮ, ನ, ಲ ಮೊದಲು ಬರಲಿ, ತಟ್ಟನೆ ನಿಲ್ಲುವ ಕ, ಟ, ಪ ಆಮೇಲೆ. ‘ಸ’ ಮತ್ತು ‘ಊ’ ಸೇರಿದರೆ ‘ಸಊ’ ಆಗುತ್ತದೆಯೇ ವಿನಾ ‘ಸೂ’ ಆಗುವುದಿಲ್ಲ. ‘ಸ್’ ಎಂದು ಎಳೆದು ಹಿಡಿದಾಗ ಮಾತ್ರ ಒಳಗಿನ ‘ಅ’ ಕಳಚುತ್ತದೆ.

ಇನ್ನು ಒತ್ತು. ‘ಮಲ್ಪೆ’ ಎಂದು ಬೋರ್ಡಿನಲ್ಲಿ ಬರೆಯಿರಿ. ಕಣ್ಣಿಗೆ ಕಾಣುವುದೇನು? ಮೊದಲು ಮ. ಆಮೇಲೆ ‘ಲೆ’, ಅದರ ಕೆಳಗೆ ಪ-ಒತ್ತು. ಎತ್ವ ಕೂತಿರುವುದು ‘ಲ’ದ ತಲೆಯ ಮೇಲೆ. ಮಗು ಕಂಡದ್ದನ್ನು ಕಂಡ ಹಾಗೆ ಓದುತ್ತದೆ: ಮ-ಲೆ-ಪ. ಹೆಬ್ರಿ ‘ಹೆಬಿರ’ ಆಗುವುದು, ಬಂಟ್ವಾಳ ‘ಬಂಟಾವಳ’ ಆಗುವುದು, ಶಕ್ತಿ ‘ಶಕಿತ’ ಆಗುವುದು ಎಲ್ಲ ಇದೇ ಕಾರಣಕ್ಕೆ. ಇದು ಗಮನ ಕೊಡದ ಮಗುವಿನ ತಪ್ಪಲ್ಲ, ಗಮನ ಕೊಟ್ಟ ಮಗುವಿನ ತಪ್ಪು. ಸ್ವರದ ಚಿಹ್ನೆ ಮೇಲಿನ ವ್ಯಂಜನಕ್ಕೆ ಅಂಟಿದ್ದರೂ ಉಚ್ಚಾರದಲ್ಲಿ ಅದು ಕೆಳಗಿನ ವ್ಯಂಜನಕ್ಕೆ ಸೇರಿದ್ದು. ಜೊತೆಗೆ ಬಾಯಲ್ಲಿ ಪದ ಒಡೆಯುವುದು ‘ಮಲ್–ಪೆ’ ಎಂದು, ಬರಹದಲ್ಲಿ ಒಡೆಯುವುದು ‘ಮ–ಲ್ಪೆ’ ಎಂದು. ಕಿವಿಗೂ ಕಣ್ಣಿಗೂ ತಾಳೆಯಾಗುವುದಿಲ್ಲ.

ಪುತ್ತೂರು, ಉಳ್ಳಾಲಗಳಲ್ಲಿ ಈ ತೊಂದರೆ ಮರೆಯಾಗಿರುತ್ತದೆ, ಮೇಲೂ ಕೆಳಗೂ ಒಂದೇ ವ್ಯಂಜನವಲ್ಲವೇ. ಅದಕ್ಕೇ ಸಜಾತೀಯ ಒತ್ತು ಬಂದ ಮಗುವಿಗೆ ಎಲ್ಲ ಒತ್ತೂ ಬಂತೆಂದು ತಿಳಿದು ಮುಂದೆ ಹೋಗುತ್ತೇವೆ.

ತರಗತಿಯಲ್ಲಿ ಸುಲಭವಾಗಿ ನಿಲ್ಲುವ ಕ್ರಮ ಮೂರೇ ಪದದ್ದು: ಮೇಲೆ, ಕೆಳಗೆ, ಸ್ವರ. ಮೊದಲು ಪದವನ್ನು ಬಾಯಲ್ಲಿ ಹೇಳಿಸಿ ಚಪ್ಪಾಳೆ ತಟ್ಟಿಸಿ: ಮಲ್, ಪೆ. ಆಮೇಲೆ ಬೆರಳು ಮೇಲಿನ ವ್ಯಂಜನಕ್ಕೆ: ಲ್. ಬೆರಳು ಕೆಳಕ್ಕೆ: ಪ್. ಕಡೆಗೆ ಬೆರಳು ತಲೆಯ ಮೇಲಿನ ಚಿಹ್ನೆಗೆ: ಎ. ಕೂಡಿಸಿದರೆ ಲ್ಪೆ. ಒತ್ತಿನ ಆಕಾರ ಮೂಲಾಕ್ಷರದಂತೆ ಕಾಣದ ತ, ಮ, ಯ, ರಗಳಿಗೆ ಬೇರೆ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಬೇಕು. ಕಾರ್ಕಳದಲ್ಲಿ ಮಾತ್ರ ಈ ಕ್ರಮ ಕೈಕೊಡುತ್ತದೆ: ಅರ್ಕಾವತ್ತು ಬರೆಯುವುದು ‘ಕ’ದ ನಂತರ, ಓದುವುದು ಅದರ ಮೊದಲು. ಅದನ್ನು ಕೊನೆಗೆ, ಒಂಟಿಯಾಗಿ ಕಲಿಸಿ. ಬಸ್ಸಿನ ಬೋರ್ಡುಗಳನ್ನೇ ಮೆಟ್ಟಿಲಾಗಿ ಜೋಡಿಸಬಹುದು: ಉಡುಪಿ, ಕಾಪು, ಪುತ್ತೂರು, ಉಳ್ಳಾಲ, ಸುಳ್ಯ, ಮಲ್ಪೆ, ಹೆಬ್ರಿ, ಕಾರ್ಕಳ.

ಕಾನೂನಿಗೂ ಇದಕ್ಕೂ ಏನು ಸಂಬಂಧ? ‘ಧ್ವನಿ–ಅಕ್ಷರ ವಿಧಾನದಲ್ಲಿ ಕಲಿಸತಕ್ಕದ್ದು’ ಎಂದಷ್ಟೇ ಬರೆದರೆ ಯಾರೂ ಒತ್ತಿನ ಹಂತವನ್ನು ಗುರುತಿಸಬೇಕಾಗಿಲ್ಲ. ‘ಮೂಲಾಕ್ಷರ, ಗುಣಿತಾಕ್ಷರ, ಸಜಾತೀಯ ಒತ್ತು, ವಿಜಾತೀಯ ಒತ್ತು ಎಂಬ ಹಂತಗಳ ಕಲಿಕಾ ಅನುಕ್ರಮವನ್ನು ಶೈಕ್ಷಣಿಕ ಪ್ರಾಧಿಕಾರ ಪ್ರಕಟಿಸತಕ್ಕದ್ದು’ ಎಂದು ಬರೆದರೆ ಪಠ್ಯಪುಸ್ತಕ, ತರಬೇತಿ, ತಪಾಸಣೆ ಮೂರೂ ಅದಕ್ಕೆ ಕಟ್ಟುಬೀಳುತ್ತವೆ.

ನಿಮಿಷಕ್ಕೆ ಎಷ್ಟು?

ಓದು, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರುಮಾಡಿದ ನಿಪುಣ್ ಭಾರತ್‌ನ ಗುರಿ: ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥಸಹಿತ. ಆದರೆ ನಮ್ಮ ಪದಗಳು ಉದ್ದ: ‘ಮನೆಯಲ್ಲಿದ್ದವರಿಗೆ’ ನಮಗೆ ಒಂದೇ ಪದ, ಅಕ್ಷರ ಎಂಟು. ಹಾಗಾಗಿ ಪದ ಎಣಿಸುವುದರ ಜೊತೆಗೆ ಸರಿಯಾಗಿ ಓದಿದ ಅಕ್ಷರಗಳನ್ನೂ ಎಣಿಸಿ. ಹೊಸ ಪಠ್ಯ ಕೊಡಿ. ಮೂರು ಸೆಕೆಂಡು ತಡೆದರೆ ಹೇಳಿಕೊಟ್ಟು ತಪ್ಪೆಂದು ಗುರುತು ಹಾಕಿ. ತಾನೇ ತಿದ್ದಿಕೊಂಡರೆ ಸರಿ. ತಪ್ಪನ್ನು ಹಾಗೇ ಬರೆದಿಡಿ: ‘ಬೇಳೆ’ಯನ್ನು ‘ಬೆಳೆ’ ಎಂದರೆ ದೀರ್ಘದ ಹಂತ, ‘ಕಣ್ಣು’ ‘ಕಣು’ ಆದರೆ ಒತ್ತಿನ ಹಂತ.

ಕಾಯ್ದೆಯಲ್ಲಿ ಯಾವುದು, ನಿಯಮದಲ್ಲಿ ಯಾವುದು

ಶಿಕ್ಷಣ 1976ರ 42ನೇ ತಿದ್ದುಪಡಿಯಿಂದ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯ ಕಾನೂನು ಮಾಡಬಹುದು. ಆದರೆ ಕೇಂದ್ರದ 2009ರ ಶಿಕ್ಷಣ ಹಕ್ಕು ಕಾಯ್ದೆಗೆ ಎದುರಾದರೆ ಸಂವಿಧಾನದ 254ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಗೀಕಾರ ಬೇಕು. ಎದುರಾಗುವ ಜಾಗ ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಪ್ರಕರಣ 2019ರ ತಿದ್ದುಪಡಿಯ ನಂತರವೂ ಅನುತ್ತೀರ್ಣಗೊಳಿಸಲು ಎಡೆಕೊಡುವುದು 5 ಮತ್ತು 8ನೇ ತರಗತಿಯಲ್ಲಿ ಮಾತ್ರ. ಮಿಸಿಸಿಪ್ಪಿಯ ಮೂರನೇ ತರಗತಿಯ ತಡೆಯನ್ನು ಇಲ್ಲಿಗೆ ತರಲಾಗದು, ತರುವುದೂ ಬೇಡ. 13ನೇ ಪ್ರಕರಣ ದಾಖಲಾತಿಗೆ ‘ಸ್ಕ್ರೀನಿಂಗ್’ ನಿಷೇಧಿಸುತ್ತದೆ. ಆದ್ದರಿಂದ ಆ ಶಬ್ದ ಬಿಟ್ಟು ‘ದಾಖಲಾತಿಯ ನಂತರದ ಓದಿನ ತಪಾಸಣೆ’ ಎಂದು ಬರೆಯಿರಿ.

ಅದೇ ಕಾಯ್ದೆಯಲ್ಲಿ ಒಲಿದು ಬರುವ ಪ್ರಕರಣಗಳೂ ಇವೆ. 24(1)(ಡಿ): ಶಿಕ್ಷಕರು ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ ಹೆಚ್ಚುವರಿ ಬೋಧನೆ ಕೊಡಬೇಕು. 24(1)(ಇ): ಪ್ರಗತಿಯನ್ನು ಪೋಷಕರಿಗೆ ತಿಳಿಸಬೇಕು. 29: ಪಠ್ಯಕ್ರಮ, ಮೌಲ್ಯಮಾಪನ ಶೈಕ್ಷಣಿಕ ಪ್ರಾಧಿಕಾರದ ಕೆಲಸ, ನಮ್ಮಲ್ಲಿ ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ). 38: ರಾಜ್ಯಕ್ಕೆ ನಿಯಮ ಮಾಡುವ ಅಧಿಕಾರ. ಹೀಗಾಗಿ ಅರ್ಧ ಬೇಡಿಕೆಗೆ ಹೊಸ ಕಾಯ್ದೆಯೇ ಬೇಡ, ಆ ಕಾಯ್ದೆಯಡಿಯ 2012ರ ಕರ್ನಾಟಕ ನಿಯಮಗಳ ತಿದ್ದುಪಡಿ ಸಾಕು. ಕಾಯ್ದೆಯಲ್ಲಿ ಬರೆಯಬೇಕಾದ್ದು ಯಾರ ಕರ್ತವ್ಯ, ಯಾರ ಹಣ ಎಂಬುದನ್ನು ಮಾತ್ರ. ವಿಧಾನದ ವಿವರ ನಿಯಮಕ್ಕೆ, ಪದಪಟ್ಟಿ ಕೈಪಿಡಿಗೆ. ಕಾಯ್ದೆಯಲ್ಲೇ ‘ಕಂಬಸಾಲು ಕಾಗುಣಿತ’ ಎಂದು ಬರೆದರೆ ನಾಳೆ ಅದಕ್ಕಿಂತ ಒಳ್ಳೆಯದು ಬಂದಾಗ ವಿಧಾನಸಭೆಗೇ ಹೋಗಬೇಕು.

ಯಾರ ಬಾಗಿಲು

ಮೊದಲು ಎಸ್‌ಡಿಎಂಸಿ ನಿರ್ಣಯ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಪ್ರಕರಣದ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ತಪಾಸಣೆಯನ್ನೂ ಒತ್ತಕ್ಷರದ ಮಿಂಚುಪಟ್ಟಿಯನ್ನೂ ಸೇರಿಸಿ. ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ. ಪ್ರತಿಗಳು ಬಿಇಒ (ತಾಲ್ಲೂಕು ಮಟ್ಟದ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಮತ್ತು ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ ಡಯಟ್‌ಗೆ. ಶಾಸಕರ ಜೊತೆಗೆ ನೈಋತ್ಯ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರನ್ನೂ ಕಾಣಿ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಆ ಕ್ಷೇತ್ರಕ್ಕೆ ಸೇರಿವೆ. ಖಾಸಗಿ ಸದಸ್ಯರ ಮಸೂದೆಯ ಆಸೆಯಿದ್ದರೆ ಸಂವಿಧಾನದ 207(3)ನೇ ವಿಧಿ ಓದಿಕೊಂಡೇ ಹೋಗಿ: ರಾಜ್ಯದ ಸಂಚಿತ ನಿಧಿಯಿಂದ (ಸರ್ಕಾರದ ಮುಖ್ಯ ಖಜಾನೆ) ಖರ್ಚಾಗುವ ಮಸೂದೆಯನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಸದನ ಅಂಗೀಕರಿಸುವಂತಿಲ್ಲ, ಮಾರ್ಗದರ್ಶಕರ ಹುದ್ದೆ ಎಂದೊಡನೆ ಅದು ಖರ್ಚಿನ ಮಸೂದೆ.

ಮನವಿ ಎರಡು ಪುಟ ಮೀರದಿರಲಿ. ಲಗತ್ತಾಗಿ ಶಾಲೆಯ ತಪ್ಪುಪಟ್ಟಿ, ಮಕ್ಕಳ ಹೆಸರಿಲ್ಲದೆ: ಎಡಗಡೆ ಮುದ್ರಿತ ಪದ, ಬಲಗಡೆ ಮಗು ಓದಿದ್ದು. ಓದಿನ ವಿಜ್ಞಾನದ ಗಂಧವಿಲ್ಲದ ಅಧಿಕಾರಿಯೂ ‘ಹೆಬ್ರಿ – ಹೆಬಿರ’ ಸಾಲಿನ ಬಳಿ ನಿಂತು ಇದ್ಯಾಕೆ ಹೀಗೆ ಎಂದು ಕೇಳುತ್ತಾರೆ.